ಸುರಂಗದೊಳಗೆ ಮೀಡಿಯಂ ವೇವ್ ಕೇಳಿಸುತ್ತದೆ, ಅಂಗಳದಲ್ಲಿ ಮೊಬೈಲ್ ಸಿಗುವುದಿಲ್ಲ: ಎರಡೂ ಒಂದೇ ಜಾತಿಯ ಅಲೆಗಳಾದರೆ ಹೀಗೇಕೆ?

ಪ್ರಶ್ನೆ: ಎಣ್ಮಕಜೆಯ ಅಡಕೆ ಬೆಳೆಗಾರ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಕಣಿವೆಯ ತಳದಲ್ಲಿದೆ. ಮೂರು ಕಡೆ ಮುರಕಲ್ಲಿನ ಗುಡ್ಡೆ, ನಾಲ್ಕನೆಯ ಕಡೆ ಅಡಕೆ ತೋಟ. ಮೊಬೈಲಿಗೆ ರೇಂಜ್ ಬೇಕೆಂದರೆ ಹಟ್ಟಿಯ ಹಿಂದಿನ ಗುಡ್ಡೆ ಹತ್ತಿ ಗೇರು ಮರದ ಬುಡದಲ್ಲಿ ನಿಲ್ಲಬೇಕು. 2020ರಲ್ಲಿ ಮಗಳ ಆನ್‌ಲೈನ್ ಪಾಠಗಳೆಲ್ಲ ಆ ಮರದ ಬುಡದಲ್ಲಿಯೇ ನಡೆದವು. ಈಗ ಮನೆಗೆ ಫೈಬರ್ ಸಂಪರ್ಕ ಬಂದಿರುವುದರಿಂದ ಇದನ್ನು ಕುಳಿತಲ್ಲಿಂದಲೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ನಮ್ಮ ಕುಡಿಯುವ ನೀರಿನ ಸುರಂಗದ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಡ್ಡ ಕೊರೆದ ಬಿಲ) ಹೂಳು ತೆಗೆಸುವಾಗ ಕಂಡ ಸಂಗತಿಯೊಂದು ಇಂದಿಗೂ ನನಗೆ ಬಿಡಿಸಲಾಗದ ಒಗಟಾಗಿ ಉಳಿದಿದೆ. ಕೆಲಸಕ್ಕೆ ಬಂದವರು ಬೇಸರ ಕಳೆಯಲೆಂದು ಹಳೆಯ ಟ್ರಾನ್ಸಿಸ್ಟರ್ ಸೆಟ್ ಒಂದನ್ನು ಒಳಗೆ ಒಯ್ದಿದ್ದರು. ಮಂಗಳೂರು ಆಕಾಶವಾಣಿಯನ್ನು ಎಫ್‌ಎಂ 100.3ರಲ್ಲಿ ಹಾಕಿದಾಗ ಸುರಂಗದ ಬಾಯಿಂದ ನಾಲ್ಕು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಬರೀ ಸದ್ದು ಉಳಿಯಿತು. ಅದೇ ಸೆಟ್ಟನ್ನು ಮೀಡಿಯಂ ವೇವ್ 1089 ಕಿಲೋಹರ್ಟ್ಸ್‌ಗೆ ತಿರುಗಿಸಿದಾಗ, ತಲೆಯ ಮೇಲೆ ಮೂರಾಳು ಮಣ್ಣು ಇದ್ದ ಜಾಗದಲ್ಲಿಯೂ ಪ್ರದೇಶ ಸಮಾಚಾರ ಕ್ಷೀಣವಾಗಿಯಾದರೂ ಕಿವಿಗೆ ಬೀಳುತ್ತಿತ್ತು. ತಿರುವು ದಾಟಿದ ಮೇಲೆ ಟಾರ್ಚಿನ ಬೆಳಕಂತೂ ಹೊರಗಿನವರಿಗೆ ಕಾಣಿಸುತ್ತಲೇ ಇರಲಿಲ್ಲ.

ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟುವಿನಲ್ಲಿ ಇಂಗ್ಲಿಷ್ ಪುಸ್ತಕದೊಂದಿಗೆ ಒದ್ದಾಡುತ್ತಿದ್ದಾಳೆ. ರೇಡಿಯೋ, ಮೊಬೈಲ್, ಬೆಳಕು, ಎಕ್ಸ್-ರೇ ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳು, ಎಲ್ಲದರ ವೇಗವೂ ಒಂದೇ ಎಂದು ಆ ಪುಸ್ತಕ ಹೇಳುತ್ತದೆಯಂತೆ. ಹಾಗಿದ್ದರೆ ಒಂದು ಮಣ್ಣಿನೊಳಗೆ ನುಗ್ಗುವುದು, ಇನ್ನೊಂದು ಗುಡ್ಡೆಯ ಮರೆಯಲ್ಲೇ ನಿಲ್ಲುವುದು ಏಕೆ? ಜೊತೆಗೆ, ನಮ್ಮ ಗುಡ್ಡೆಯ ನೆತ್ತಿಯಲ್ಲಿ ಟವರ್ ಹಾಕುವ ಮಾತು ನಡೆಯುತ್ತಿದೆ, ವಿಕಿರಣದ ಭಯದಿಂದ ನೆರೆಯವರಲ್ಲಿ ಅರ್ಧದಷ್ಟು ಜನ ವಿರೋಧಿಸುತ್ತಿದ್ದಾರೆ. ಆ ಭಯಕ್ಕೆ ಆಧಾರವಿದೆಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ 1: ಬೇಳದ ನಿವೃತ್ತ ವಿಜ್ಞಾನ ಮೇಷ್ಟ್ರು

ಮೊದಲು ಮಗಳಿಗಾಗಿ ಒಂದು ಪದದ ತೊಡಕನ್ನು ಬಿಡಿಸುತ್ತೇನೆ. ಪತ್ರಿಕೆಗಳು ‘ತರಂಗಾಂತರ ಹಂಚಿಕೆ’ ಎಂದು ಬರೆಯುವಾಗ ಅವುಗಳ ಮನಸ್ಸಿನಲ್ಲಿರುವುದು ಸರಕಾರ ಹರಾಜು ಹಾಕುವ ಸ್ಪೆಕ್ಟ್ರಂ. ರೇಡಿಯೋದವರು ಅದೇ ಪದವನ್ನು ಕೇಂದ್ರ ಸಿಗುವ ಜಾಗಕ್ಕೆ ಬಳಸುತ್ತಾರೆ. ಪಾಠದಲ್ಲಿ ಬೇಕಾಗುವುದು ಬೇರೆ ಎರಡು ಮಾತುಗಳು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ಅಂತರ ತರಂಗದೂರ, ಒಂದು ಸೆಕೆಂಡಿನಲ್ಲಿ ದಾಟಿಹೋಗುವ ಅಲೆಗಳ ಎಣಿಕೆ ಆವೃತ್ತಿ. ಇವೆರಡನ್ನು ಗುಣಿಸಿದರೆ ವೇಗ ದೊರೆಯುತ್ತದೆ. ನಿರ್ವಾತದಲ್ಲಿ ಆ ವೇಗ ಸೆಕೆಂಡಿಗೆ 29,97,92,458 ಮೀಟರ್, ಅಂದರೆ ಹೆಚ್ಚು ಕಡಿಮೆ 3 ಲಕ್ಷ ಕಿಲೋಮೀಟರ್. ವೇಗ ಬದಲಾಗದಿರುವುದರಿಂದ ಆವೃತ್ತಿ ಏರಿದಷ್ಟೂ ತರಂಗದೂರ ಇಳಿಯಲೇಬೇಕು.

ಈ ಲೆಕ್ಕವನ್ನು ನಿಮ್ಮ ಸೆಟ್ಟಿಗೆ ಹಚ್ಚಿ ನೋಡಿ. 1089 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 275 ಮೀಟರ್, 100.3 ಮೆಗಾಹರ್ಟ್ಸಿನದು 3 ಮೀಟರ್, 900 ಮೆಗಾಹರ್ಟ್ಸಿನ ಮೊಬೈಲ್ ಅಲೆಯದು 33 ಸೆಂಟಿಮೀಟರ್. ಟಾರ್ಚಿನ ಹಳದಿ ಬೆಳಕಿಗೆ ಬಂದರೆ ಒಂದು ಮಿಲಿಮೀಟರಿನೊಳಗೆ ಸಾವಿರದ ಏಳುನೂರರಷ್ಟು ಅಲೆಗಳು ಹಿಡಿಸುತ್ತವೆ. ಜಾತಿ ಒಂದೇ, ಗಾತ್ರದಲ್ಲಿ ಮಾತ್ರ ಆನೆಗೂ ಇರುವೆಗೂ ಇರುವುದಕ್ಕಿಂತ ಹೆಚ್ಚಿನ ಅಂತರ. ಅಲೆಯೊಂದು ಎದುರಾದ ವಸ್ತುವಿನೊಂದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆ ವಸ್ತುವಿನ ಗಾತ್ರ ತನ್ನ ತರಂಗದೂರಕ್ಕಿಂತ ಹಿರಿದೋ ಕಿರಿದೋ ಎಂಬುದನ್ನೂ, ವಸ್ತುವಿನೊಳಗೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ ಅವಲಂಬಿಸಿದೆ.

ಗುಡ್ಡೆಯ ಮಾತು ಮೊದಲು. ಹರಿಯುವ ಹೊಳೆಯಲ್ಲಿ ನೆಟ್ಟ ಗೂಟದ ಹಿಂದೆ ಅಲೆ ಕೂಡಿಕೊಳ್ಳುತ್ತದೆ, ದೊಡ್ಡ ಬಂಡೆಯ ಹಿಂದೆ ನೀರು ತೆಪ್ಪಗಿರುತ್ತದೆ. ನಿಮ್ಮ ಕಣಿವೆಯ ಗುಡ್ಡೆಗಳು 275 ಮೀಟರಿನ ಅಲೆಗೆ ಗೂಟದ ಹಾಗೆ, 33 ಸೆಂಟಿಮೀಟರಿನ ಅಲೆಗೆ ಬಂಡೆಯ ಹಾಗೆ. ಮೀಡಿಯಂ ವೇವ್ ನೆಲವನ್ನು ಅಪ್ಪಿಕೊಂಡು ಗುಡ್ಡೆಯನ್ನು ಬಳಸಿ ಕಣಿವೆಗೆ ಇಳಿಯುತ್ತದೆ. ಮೊಬೈಲ್ ಅಲೆ ಬಾಗುವುದು ತೀರ ಕಡಿಮೆ, ಹಾಗಾಗಿ ಬಿಸಿಲಿನ ಹಾಗೆ ಗುಡ್ಡೆಯ ಹಿಂದೆ ನೆರಳು ಬೀಳಿಸುತ್ತದೆ, ನಿಮ್ಮ ಅಂಗಳ ಆ ನೆರಳಿನೊಳಗಿದೆ. 5ಜಿಗೆ ಬಳಸುವ 3.5 ಗಿಗಾಹರ್ಟ್ಸ್ ಸುಮಾರಿನ ಅಲೆಗೆ ತರಂಗದೂರ 9 ಸೆಂಟಿಮೀಟರೂ ಇಲ್ಲ, ಅದರ ನೆರಳು ಇನ್ನಷ್ಟು ಕಡುವಾದದ್ದು. ಕಣಿವೆಯವರಿಗೆ 700 ಅಥವಾ 900 ಮೆಗಾಹರ್ಟ್ಸಿನ ಸೇವೆಯೇ ಹೆಚ್ಚು ಒದಗಿಬರುತ್ತದೆ.

ಇನ್ನು ಸುರಂಗ. ಹಸಿಯಾದ ಮಣ್ಣು ಸ್ವಲ್ಪ ಮಟ್ಟಿಗೆ ವಿದ್ಯುದ್ವಾಹಕ. ಅದರೊಳಗೆ ಹೊಕ್ಕ ಅಲೆ ಮಣ್ಣಿನಲ್ಲಿ ಸಣ್ಣ ಪ್ರವಾಹಗಳನ್ನು ಹುಟ್ಟಿಸಿ ತನ್ನ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಈ ಕಳೆತ ಬೇಗ. ಸಾಧಾರಣ ತೇವದ ನೆಲದಲ್ಲಿ 1089 ಕಿಲೋಹರ್ಟ್ಸಿನ ಅಲೆ ಸುಮಾರು 5 ಮೀಟರ್ ಇಳಿದಾಗ ಅದರ ಬಲ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ, ಟ್ರಾನ್ಸಿಸ್ಟರಿಗೆ ಅಷ್ಟು ಸಾಕು. ನಿಮಗೆ ಕೇಳಿಸಿದ ಸಮಾಚಾರ ಸುರಂಗದ ಬಾಯಿಂದ ನಡೆದು ಬಂದದ್ದಕ್ಕಿಂತ ಹೆಚ್ಚಾಗಿ ತಲೆಯ ಮೇಲಿನ ಮಣ್ಣನ್ನು ಸೋಸಿಕೊಂಡು ಇಳಿದು ಬಂದದ್ದು. ಎಫ್‌ಎಂ ಅಲೆಗೆ ಆ ದಾರಿ ಮುಚ್ಚಿದೆ, ಅದು ಬಾಯಿಯಿಂದಲೇ ಬರಬೇಕು. ಒದ್ದೆ ಗೋಡೆಗಳು ಅದನ್ನು ಹೀರಿಕೊಂಡುಬಿಡುವುದರಿಂದ ನಾಲ್ಕು ಹೆಜ್ಜೆಗೆ ಮುಗಿಯಿತು.

ಇದು ಬರೀ ಕುತೂಹಲದ ಸಂಗತಿಯಲ್ಲ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿರುವ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಕೇಂದ್ರ ನೀರಿನಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸುವುದು 18.2 ಕಿಲೋಹರ್ಟ್ಸಿನಲ್ಲಿ. ಆ ಅಲೆಯ ಉದ್ದ ಹದಿನಾರು ಕಿಲೋಮೀಟರಿಗೂ ಹೆಚ್ಚು. ಉಪ್ಪುನೀರು ಮಣ್ಣಿಗಿಂತ ಎಷ್ಟೋ ಪಟ್ಟು ಒಳ್ಳೆಯ ವಾಹಕವಾದ್ದರಿಂದ ಅಲ್ಲಿ ಮೀಡಿಯಂ ವೇವ್ ಕೂಡ ಗೇಣುದ್ದ ಇಳಿಯುವಷ್ಟರಲ್ಲಿ ಸೊರಗುತ್ತದೆ, ಅಷ್ಟು ಉದ್ದದ ಅಲೆಯೇ ಬೇಕಾಗುತ್ತದೆ.

ಕೊನೆಗೆ ಒಂದು ಮಾತು. ಫೈಬರಿನಲ್ಲಿ ಬಂದು ಹೋಗುವುದೂ ಇದೇ ಜಾತಿಯ ಅಲೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಅಂಚಿನಿಂದ ಅಂಚಿಗೆ ಪೂರ್ಣವಾಗಿ ಪ್ರತಿಫಲಿಸುತ್ತಾ ನಿಮ್ಮ ಗುಡ್ಡೆಯನ್ನು ಸುತ್ತಿ ಬರುತ್ತದೆ. ತಾನಾಗಿ ಬಾಗದ ಅಲೆಗೆ ಬಾಗಿದ ದಾರಿ ಹಾಕಿಕೊಟ್ಟದ್ದರಿಂದ ನಿಮ್ಮ ಪ್ರಶ್ನೆ ನಮಗೆ ತಲಪಿತು.

ಉತ್ತರ 2: ಬದಿಯಡ್ಕದ ರೇಡಿಯೋ ರಿಪೇರಿಯವ

ಮೇಷ್ಟ್ರು ಹೇಳಿದ್ದಕ್ಕೆ ಅಂಗಡಿಯ ಮೇಜಿನಿಂದ ಒಂದೆರಡು ಸಂಗತಿ ಸೇರಿಸುತ್ತೇನೆ. ವಿದ್ಯುತ್ಕಾಂತೀಯ ಎಂಬ ಉದ್ದದ ಹೆಸರು ಯಾಕೆ ಎಂದು ಮಗಳು ಕೇಳಿದರೆ ಆ ಹಳೆಯ ಸೆಟ್ಟಿನ ಹಿಂಬದಿಯ ಮುಚ್ಚಳ ಬಿಚ್ಚಿ ತೋರಿಸಿ. ಒಳಗೆ ಬೆರಳಿನಷ್ಟು ದಪ್ಪದ ಕಪ್ಪು ಕಡ್ಡಿಯೊಂದಕ್ಕೆ ಸಪೂರ ತಾಮ್ರದ ತಂತಿ ಸುತ್ತಿರುತ್ತದೆ. ಅದು ಫೆರೈಟ್ ಕಡ್ಡಿ, ಮೀಡಿಯಂ ವೇವ್ ಅಲೆಯ ಕಾಂತೀಯ ಭಾಗವನ್ನು ಹಿಡಿಯುವುದು ಅದು. ಹೊರಗೆ ಎಳೆಯುವ ಸ್ಟೀಲಿನ ಏರಿಯಲ್ ಎಫ್‌ಎಂ ಅಲೆಯ ವಿದ್ಯುತ್ ಭಾಗವನ್ನು ಹಿಡಿಯುತ್ತದೆ. ಒಂದೇ ಸೆಟ್ಟಿನಲ್ಲಿ ಅಲೆಯ ಎರಡು ಅರ್ಧಗಳಿಗೂ ಬೇರೆ ಬೇರೆ ಕೈಗಳಿವೆ. ಏರಿಯಲನ್ನು ಪೂರ್ತಿ ಎಳೆದರೆ ಮುಕ್ಕಾಲು ಮೀಟರಿನ ಆಸುಪಾಸು ಬರುತ್ತದೆ, 3 ಮೀಟರಿನ ಕಾಲು ಭಾಗ ಅದು. ಯಾರೋ ಅಂದಾಜಿಗೆ ಕತ್ತರಿಸಿದ ಉದ್ದವಲ್ಲ.

ಫೆರೈಟ್ ಕಡ್ಡಿಗೆ ಇನ್ನೊಂದು ಗುಣವಿದೆ. ಮೀಡಿಯಂ ವೇವ್ ಹಾಕಿ ಸೆಟ್ಟನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಸುತ್ತು ತಿರುಗಿ. ಕಡ್ಡಿಯ ತುದಿ ಕೇಂದ್ರದ ದಿಕ್ಕಿಗೆ ಬಂದಾಗ ಸದ್ದು ತಗ್ಗುತ್ತದೆ, ಅಡ್ಡ ಬಂದಾಗ ಏರುತ್ತದೆ. ಗಿರಾಕಿಗಳು ‘ಸೆಟ್ ಹಾಳಾಗಿದೆ, ಈ ಮೂಲೆಯಲ್ಲಿಟ್ಟರೆ ಕೇಳುತ್ತದೆ, ಆ ಮೂಲೆಯಲ್ಲಿಟ್ಟರೆ ಕೇಳುವುದಿಲ್ಲ’ ಎಂದು ತಂದುಕೊಡುವ ಸೆಟ್ಟುಗಳಲ್ಲಿ ಎಷ್ಟೋ ಸಲ ರಿಪೇರಿಗೆ ಏನೂ ಇರುವುದಿಲ್ಲ. ಕಾಲು ಸುತ್ತು ತಿರುಗಿಸಿ ಹಿಂದಕ್ಕೆ ಕೊಟ್ಟು ಹಣ ಕೇಳಲು ನನಗೇ ಸಂಕೋಚ.

ರಾತ್ರಿಯ ವಿಷಯ ನೀವು ಕೇಳಿಲ್ಲ, ಆದರೆ ಬಿಡಲಾರೆ. ಸಂಜೆಯ ಮೇಲೆ ಧಾರವಾಡದ 765 ಕಿಲೋಹರ್ಟ್ಸ್ ನಮ್ಮಲ್ಲಿಗೆ ಏರಿ ಬರುತ್ತಿದ್ದುದನ್ನು ಹಿರಿಯರು ನೆನಪಿಸಿಕೊಳ್ಳುತ್ತಾರೆ. ಹಗಲಿನಲ್ಲಿ ಬಿಸಿಲಿನ ಪ್ರಭಾವದಿಂದ ವಾತಾವರಣದ ಮೇಲ್ಭಾಗದಲ್ಲಿ ಏರ್ಪಡುವ ಒಂದು ಪದರ ಮೀಡಿಯಂ ವೇವನ್ನು ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ಅದಕ್ಕಿಂತ ಮೇಲಿನ ಪದರ ಅಲೆಗಳನ್ನು ಕನ್ನಡಿಯಂತೆ ನೆಲಕ್ಕೆ ತಿರುಗಿಸುತ್ತದೆ. ಎಫ್‌ಎಂ ಮತ್ತು ಮೊಬೈಲ್ ಅಲೆಗಳು ಆ ಕನ್ನಡಿಯನ್ನೂ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ.

ತುಲಾ ಮಾಸದ ಗುಡುಗುಮಳೆಯ ಸಂಜೆ ಮೀಡಿಯಂ ವೇವಿನಲ್ಲಿ ಕೇಂದ್ರವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿಟ್ಟರೆ ಪ್ರತಿ ಮಿಂಚಿಗೂ ಸೆಟ್ಟಿನಲ್ಲಿ ‘ಚರ್’ ಎಂದು ಸಿಡಿಯುತ್ತದೆ. ಮಿಂಚು ತಾನೇ ಒಂದು ದೊಡ್ಡ, ಶಿಸ್ತಿಲ್ಲದ ಟ್ರಾನ್ಸ್‌ಮಿಟರ್. ಸಿಡಿತವೂ ಬೆಳಕೂ ಒಟ್ಟಿಗೆ ಬರುತ್ತವೆ, ಗುಡುಗಿನ ಸದ್ದು ಮಾತ್ರ ಪ್ರತಿ ಕಿಲೋಮೀಟರಿಗೆ ಸುಮಾರು 3 ಸೆಕೆಂಡಿನಂತೆ ಹಿಂದೆ ಬೀಳುತ್ತದೆ. ರೇಡಿಯೋ ಅಲೆ ಮತ್ತು ಬೆಳಕು ಒಂದೇ ವೇಗದವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಮಿಂಚು ತೀರ ಹತ್ತಿರ ಬಂದಾಗ ಪ್ರಯೋಗ ನಿಲ್ಲಿಸಿ, ಟಿವಿಯ ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಕಳಚಿಡಿ. ಆ ತಿಂಗಳಲ್ಲಿ ನನ್ನ ಅಂಗಡಿ ಸುಟ್ಟ ಸೆಟ್‌ಟಾಪ್ ಬಾಕ್ಸುಗಳಿಂದ ತುಂಬಿರುತ್ತದೆ.

ಡಿಶ್ಶಿನ ಮಾತು ಬಂದದ್ದರಿಂದ: ಆಟಿ ತಿಂಗಳ ಜಡಿಮಳೆಗೆ ಟಿವಿ ಚಿತ್ರ ಚೌಕಚೌಕವಾಗಿ ಒಡೆಯುವುದು ಉಪಗ್ರಹದ ದೋಷವಲ್ಲ. ಆ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅಷ್ಟು ಗಿಡ್ಡ ಅಲೆಗೆ ಮಳೆಯ ಹನಿಗಳು ಲೆಕ್ಕಕ್ಕೆ ಬರುವ ತಡೆಗಳಾಗುತ್ತವೆ, ಸ್ವಲ್ಪ ಹೀರುತ್ತವೆ, ಸ್ವಲ್ಪ ಚೆದರಿಸುತ್ತವೆ. ಒದ್ದೆಯಾದ ಅಡಕೆ ಸೋಗೆ ಡಿಶ್ಶಿಗೆ ಅಡ್ಡ ಬಂದರೂ ಇದೇ ಕಥೆ.

ಉತ್ತರ 3: ಮುಳ್ಳೇರಿಯದ ಓದುಗ

ಟವರಿನ ವಿಷಯದಲ್ಲಿ ಯಾರೂ ಮಾತಾಡದಿರುವುದರಿಂದ ಬರೆಯುತ್ತಿದ್ದೇನೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನಲ್ಲಿ. ನೀರಿನ ಅಣು ಸಹಜವಾಗಿ ಅದುರುವ ಆವೃತ್ತಿಯೂ ಅದೇ ಆದ್ದರಿಂದ ಅನ್ನ ಬೇಗ ಬಿಸಿಯಾಗುತ್ತದೆ. ಮೊಬೈಲ್ ಮತ್ತು ವೈಫೈ ಅಲೆಗಳು ಅದರ ಆಸುಪಾಸಿನವೇ. ನಮ್ಮ ದೇಹದಲ್ಲಿ ಹೆಚ್ಚಿನದು ನೀರು. ಹಾಗಿರುವಾಗ ಟವರಿನ ಬುಡದಲ್ಲಿ ವಾಸಿಸುವವರು ಸಣ್ಣ ಉರಿಯ ಮೇಲಿಟ್ಟ ಪಾತ್ರೆಯಂತೆ ಎಂದು ಹೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿಯೂ ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ಈ ಊರುಗಳು ಕೇಳಿವೆ.

ಉತ್ತರ 4: ಕುಂಬಳೆಯ ಎಂಜಿನಿಯರ್, ಸದ್ಯ ಮಂಗಳೂರು

ಮುಳ್ಳೇರಿಯದವರ ಕೊನೆಯ ವಾಕ್ಯದ ನೋವು ನನಗೆ ಅರ್ಥವಾಗುತ್ತದೆ. ಒಮ್ಮೆ ಮೋಸ ಹೋದ ಊರು ಎರಡನೆಯ ಸಲ ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಮೊದಲಿನ ವಾಕ್ಯಗಳಲ್ಲಿರುವ ವಿಜ್ಞಾನವನ್ನು ತಿದ್ದಬೇಕು.

2.45 ಗಿಗಾಹರ್ಟ್ಸ್ ನೀರಿನ ಅಣುವಿನ ವಿಶೇಷ ಆವೃತ್ತಿಯಲ್ಲ. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಅಲೆಯ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸಲ ಅತ್ತಿತ್ತ ತಿರುಗುವಾಗ ಅಣುಗಳು ಅದನ್ನು ಅನುಸರಿಸಲು ಹೋಗಿ ನೆರೆಯ ಅಣುಗಳ ತಡೆಗೆ ಸಿಕ್ಕಿ ಹಿಂದೆ ಬೀಳುತ್ತವೆ, ಆ ತಿಕ್ಕಾಟವೇ ಬಿಸಿ. ನೀರು ಇದಕ್ಕಿಂತ ಹೆಚ್ಚು ಹೀರುವ ಆವೃತ್ತಿಗಳು ಇನ್ನೂ ಮೇಲಿವೆ. ಅವುಗಳನ್ನು ಬಳಸಿದರೆ ಆಹಾರದ ಹೊರಮೈ ಬೆಂದು ಒಳಗು ತಣ್ಣಗೆ ಉಳಿದೀತು. ಓವನ್ ಬೇಯಿಸುವುದು ಸಾವಿರ ವಾಟಿನ ಆಸುಪಾಸಿನ ಶಕ್ತಿಯನ್ನು ಒಂದು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕುವುದರಿಂದ. ಬೆಂಕಿ ಒಂದೇ ಎಂದು ದೀಪದ ಕುಡಿಯನ್ನೂ ಬಚ್ಚಲ ಒಲೆಯನ್ನೂ ಸಮಾನವಾಗಿ ಕಾಣಲಾಗದು.

ಓವನ್ನಿನ ಬಾಗಿಲ ಗಾಜಿನ ಹಿಂದಿನ ತೂತುತೂತಿನ ಲೋಹದ ಹಾಳೆಯನ್ನು ಗಮನಿಸಿ. ಒಂದೆರಡು ಮಿಲಿಮೀಟರಿನ ಆ ತೂತುಗಳಿಂದ 12 ಸೆಂಟಿಮೀಟರಿನ ಅಲೆ ಹೊರಗೆ ಬರಲಾರದು, ಸೂಕ್ಷ್ಮವಾದ ಬೆಳಕಿನ ಅಲೆ ಬರುತ್ತದೆ, ಹಾಗಾಗಿ ಅನ್ನ ತಿರುಗುವುದು ನಮಗೆ ಕಾಣಿಸುತ್ತದೆ. ಮೇಷ್ಟ್ರು ಗುಡ್ಡೆಯ ವಿಷಯದಲ್ಲಿ ಹೇಳಿದ್ದೇ ಇಲ್ಲಿ ತೂತಿಗೆ ಅನ್ವಯಿಸುತ್ತದೆ. ಓವನ್ನನ್ನು ಚಾಲೂ ಮಾಡದೆ ಅದರೊಳಗೆ ಮೊಬೈಲ್ ಇಟ್ಟು ಕರೆ ಮಾಡಿ, ಅದು ಗಂಟೆ ಬಾರಿಸಿತು, ಆದ್ದರಿಂದ ಓವನ್ ಸೋರುತ್ತಿದೆ ಎಂದು ಹೆದರಿಸುವವರಿದ್ದಾರೆ. ಸಾವಿರಾರು ಪಟ್ಟು ಕ್ಷೀಣಿಸಿದ ಅಲೆಯನ್ನೂ ಹಿಡಿಯುವಷ್ಟು ಚುರುಕಾದ ಗ್ರಾಹಕ ಮೊಬೈಲಿನೊಳಗಿದೆ, ಆ ಪರೀಕ್ಷೆಯಿಂದ ಸಾಬೀತಾಗುವುದು ಅದೊಂದೇ.

ಅಪಾಯದ ಪ್ರಶ್ನೆಯಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಅಲೆಯ ಒಂದು ಕಣದ (ಅಲೆಯ ಶಕ್ತಿ ಬರುವ ಒಂದೊಂದು ಪೊಟ್ಟಣ, ಅಂದರೆ ಫೋಟಾನ್) ಶಕ್ತಿ ಎಷ್ಟು, ಒಟ್ಟು ಕಣಗಳು ಎಷ್ಟು. ಹಸಿರು ಬೆಳಕಿನ ಒಂದು ಕಣದ ಶಕ್ತಿ 900 ಮೆಗಾಹರ್ಟ್ಸಿನ ಒಂದು ಕಣಕ್ಕಿಂತ ಸುಮಾರು 6 ಲಕ್ಷ ಪಟ್ಟು ಹೆಚ್ಚು. ಆ ಹಸಿರು ಬೆಳಕೇ ಜೀವಕೋಶದೊಳಗಿನ ಡಿಎನ್‌ಎಯ ಬಂಧಗಳನ್ನು ಮುರಿಯಲಾರದು. ಆ ಸಾಮರ್ಥ್ಯ ಆರಂಭವಾಗುವುದು ಅತಿನೇರಳೆಯಿಂದ. ಎಕ್ಸ್-ರೇ ಮತ್ತು ಗಾಮಾ ಕಿರಣಗಳಲ್ಲಿ ಅದು ಪೂರ್ತಿ ಇದೆ, ಹಾಗಾಗಿ ಎಕ್ಸ್-ರೇ ಕೋಣೆಗೆ ಸೀಸದ ಹೊದಿಕೆ ಬೇಕು, ರೇಡಿಯೋ ಕೇಂದ್ರದ ಸ್ಟುಡಿಯೋಗೆ ಬೇಡ. ಅತಿನೇರಳೆಯ ಕೆಲಸವನ್ನು ನೋಡಬೇಕಿದ್ದರೆ ಅಂಗಳದ ಅಡಕೆಗೆ ಹೊದಿಸಿದ ಅಗ್ಗದ ಪಾಲಿಥೀನ್ ಹಾಳೆಯನ್ನು ನೋಡಿ. ಒಂದೆರಡು ಬೇಸಿಗೆಯಲ್ಲಿ ಅದು ಮುಟ್ಟಿದರೆ ಪುಡಿಯಾಗುತ್ತದೆ. ಸೋಲಾರ್ ಡ್ರೈಯರಿಗೆ ಯುವಿ ತಡೆಯುವ ಹಾಳೆಯನ್ನೇ ಕೇಳಿ ತರುವುದು ಅದಕ್ಕಾಗಿ.

ಕಣಗಳ ಒಟ್ಟು ಎಣಿಕೆ ಹೆಚ್ಚಿದರೆ ಮೈಕ್ರೋವೇವ್ ಬಿಸಿ ಮಾಡಬಲ್ಲದು ನಿಜ, ಆದ್ದರಿಂದಲೇ ಟವರುಗಳಿಗೆ ಮಿತಿ ಇದೆ. ಅಂತರರಾಷ್ಟ್ರೀಯ ಮಾರ್ಗಸೂಚಿ 900 ಮೆಗಾಹರ್ಟ್ಸಿಗೆ ಪ್ರತಿ ಚದರ ಮೀಟರಿಗೆ 4.5 ವಾಟ್ ಎಂದಿದ್ದಾಗ ಭಾರತ 2012ರಲ್ಲಿ ಅದರ ಹತ್ತನೆಯ ಒಂದು ಭಾಗವನ್ನು, ಅಂದರೆ 0.45 ವಾಟನ್ನು ಮಿತಿಯಾಗಿ ಇಟ್ಟುಕೊಂಡಿತು. ನಡುಮಧ್ಯಾಹ್ನದ ಬಿಸಿಲು ಅದೇ ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ. ಇನ್ನೊಂದು ಕಡೆಯನ್ನೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಸೀಮಿತ ಪುರಾವೆಯ ಮೇಲೆ ಹಾಕುವ ಎಚ್ಚರಿಕೆಯ ಗುರುತು ಅದು, ತೀರ್ಪಲ್ಲ. ಆ ಚರ್ಚೆಯ ಕೇಂದ್ರದಲ್ಲಿದ್ದದ್ದೂ ಕಿವಿಗೆ ಒತ್ತಿಹಿಡಿದ ಫೋನು. ಟವರ್ ದೂರವಿದ್ದು ರೇಂಜ್ ಕ್ಷೀಣವಾಗಿದ್ದಾಗ ಫೋನು ತನ್ನ ಶಕ್ತಿಯನ್ನು ಏರಿಸಿಕೊಂಡು ಕೂಗುತ್ತದೆ. ಗೇರು ಮರದ ಬುಡದಲ್ಲಿ ಗಂಟೆಗಟ್ಟಲೆ ಮಾತಾಡುವವರ ತಲೆಗೆ ತಗಲುವುದು, ಟವರಿನಿಂದ ತಕ್ಕ ದೂರದಲ್ಲಿರುವ ಮನೆಯವರಿಗೆ ತಗಲುವುದಕ್ಕಿಂತ ಹೆಚ್ಚು. ನೆರೆಯವರಿಗೆ ನನ್ನ ಸಲಹೆ ಇಷ್ಟೇ: ಟವರ್ ಬೇಡವೆನ್ನುವ ಬದಲು ಅದು ಎದ್ದ ಮೇಲೆ ವಿಕಿರಣವನ್ನು ಅಳೆಸಿ ಅಂಕಿಯನ್ನು ಕೈಗೆ ಕೊಡಬೇಕೆಂದು ಪಟ್ಟು ಹಿಡಿಯಿರಿ.

ಮಗಳಿಗೆ ಒಂದು ಪ್ರಯೋಗ. ಓವನ್ನಿನ ತಿರುಗುವ ತಟ್ಟೆಯನ್ನೂ ಅದರಡಿಯ ಚಕ್ರವನ್ನೂ ತೆಗೆದು, ತಿರುಗದ ಒಂದು ಪಿಂಗಾಣಿ ತಟ್ಟೆಯಲ್ಲಿ ಹಲಸಿನ ಹಪ್ಪಳ ಇಟ್ಟು, ಹದಿನೈದು ಇಪ್ಪತ್ತು ಸೆಕೆಂಡಿಗೆ ಚಾಲೂ ಮಾಡಿ, ಮೊದಲು ಉಬ್ಬಿದ ಚುಕ್ಕೆಗಳ ನಡುವಿನ ಅಂತರವನ್ನು ಅಳೆಯಲಿ. ಪೆಟ್ಟಿಗೆಯೊಳಗೆ ಅಲೆ ಹಿಂದೆ ಮುಂದೆ ಬಡಿದು ನಿಂತ ಅಲೆಯಾಗುತ್ತದೆ, ಉಬ್ಬಿದ ಎರಡು ಜಾಗಗಳ ಅಂತರ ತರಂಗದೂರದ ಅರ್ಧ. ಅದನ್ನು ಎರಡರಿಂದ ಗುಣಿಸಿ, 245 ಕೋಟಿಯಿಂದ ಮತ್ತೆ ಗುಣಿಸಿದರೆ ಬೆಳಕಿನ ವೇಗ ಸಿಗಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆ. ನಮ್ಮಲ್ಲಿ ಓವನ್ ಇಲ್ಲ, ಪೆರ್ಲದಲ್ಲಿರುವ ಭಾವನ ಮನೆಗೆ ಹಪ್ಪಳದ ಕಟ್ಟಿನೊಂದಿಗೆ ಹೋಗಿ ಬಂದೆವು. ಮೊದಲಿನ ಎರಡು ಹಪ್ಪಳ ಕರಕಲಾದವು. ಮೂರನೆಯದರಲ್ಲಿ ಬಿಳಿಚಿ ಉಬ್ಬಿದ ಎರಡು ಗುಳ್ಳೆಗಳು ಸ್ಪಷ್ಟವಾಗಿ ಎದ್ದು, ಅವುಗಳ ನಡುವಿನ ಅಂತರ 6.2 ಸೆಂಟಿಮೀಟರ್ ಬಂತು. ಮಗಳ ಲೆಕ್ಕದಲ್ಲಿ ಸೆಕೆಂಡಿಗೆ 3,03,800 ಕಿಲೋಮೀಟರ್. ನಾಲ್ಕನೆಯದರಲ್ಲಿ 5.5 ಬಂದದ್ದನ್ನು ಅವಳು ಪುಸ್ತಕದಲ್ಲಿ ಬರೆದುಕೊಳ್ಳಲು ಒಪ್ಪಲಿಲ್ಲ, ನಾನು ಗದರಿಸಿ ಬರೆಸಿದೆ. ಇದು ಹೀಗೇಕೆ?

ಉತ್ತರ 4ರವರಿಂದ ಮತ್ತೆ

ಬರೆಸಿದ್ದು ಒಳ್ಳೆಯದಾಯಿತು. ಪೆಟ್ಟಿಗೆಯೊಳಗಿನ ನಿಂತ ಅಲೆ ಒಂದೇ ಗೆರೆಯಲ್ಲಿ ಇರುವುದಿಲ್ಲ, ಉದ್ದ, ಅಗಲ, ಎತ್ತರ ಮೂರರಲ್ಲೂ ಹೆಣೆದುಕೊಂಡಿರುತ್ತದೆ. ಹಪ್ಪಳದ ಗುಳ್ಳೆಗಳು ಬೇರೆಬೇರೆ ಹೆಣಿಗೆಗೆ ಸೇರಿದ್ದಾಗ ಅಂತರ ಹೆಚ್ಚು ಕಡಿಮೆ ಆಗುತ್ತದೆ. ಮೊದಲಿನ 6.2ರಲ್ಲಿ ಸ್ವಲ್ಪ ಅದೃಷ್ಟವೂ ಸೇರಿತ್ತು.

ಬೇಳದ ಮೇಷ್ಟ್ರಿಂದ

ಸುರಂಗದ ಪ್ರಯೋಗವನ್ನು ಅಂದಾಜಿಗೆ ಬಿಡಬೇಡಿ. ಒಂದು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ಎಫ್‌ಎಂ ಎಲ್ಲಿ ನಿಂತಿತು, ಮೀಡಿಯಂ ವೇವ್ ಎಲ್ಲಿ ನಿಂತಿತು ಎಂದು ಬರೆದಿಡಿ. ಮಳೆಗಾಲದ ಕೊನೆಗೊಮ್ಮೆ, ಮಾರ್ಚಿನಲ್ಲೊಮ್ಮೆ ಮಾಡಿದರೆ ಒದ್ದೆ ಮಣ್ಣಿಗೂ ಒಣ ಮಣ್ಣಿಗೂ ಇರುವ ವ್ಯತ್ಯಾಸ ಕಾಣಬೇಕು. ಮಣ್ಣು ಒದ್ದೆಯಾದಾಗ ಮೀಡಿಯಂ ವೇವ್ ಮೊದಲಿನಷ್ಟು ಒಳಗೆ ಬರುವುದಿಲ್ಲ ಎಂಬುದು ನನ್ನ ಎಣಿಕೆ.

ಪ್ರಶ್ನೆ ಕೇಳಿದವರಿಂದ

ಸದ್ಯ ಸುರಂಗದೊಳಗೆ ಮೊಣಕಾಲುದ್ದ ನೀರು ಹರಿಯುತ್ತಿದೆ. ಅದು ಇಳಿದ ಕೂಡಲೇ ಮಗಳೂ ನಾನೂ ಹಗ್ಗ ಹಿಡಿದು ಹೋಗುತ್ತೇವೆ. ಸೆಟ್ಟಿಗೆ ಬೇರೆ ಸೆಲ್ ಹಾಕಿಸಿದ್ದೇನೆ, ಫೆರೈಟ್ ಕಡ್ಡಿಯನ್ನು ಅವಳು ಈಗಾಗಲೇ ಮುಚ್ಚಳ ಬಿಚ್ಚಿ ನೋಡಿಯಾಗಿದೆ, ಒಂದು ಸ್ಕ್ರೂ ಕಳೆದುಹೋಗಿದೆ.